ಹೊಳೆ ಬರುವ ಮುನ್ನ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಯ ಊರುಗಳಲ್ಲಿ ಅಂಗಳದ ಮಳೆಯನ್ನು ನೋಡಿ ಮಹಾಪೂರವನ್ನು ಎಣಿಸುವವನು ಮೋಸಹೋಗುತ್ತಾನೆ. ಮುಗಿಲು ತಿಳಿಯಾಗಿ ಬಿಸಿಲು ಬಿದ್ದಿರುವಾಗಲೂ ಹೊಳೆ ಬರುವುದುಂಟು. ಮಹಾಬಳೇಶ್ವರ, ಕೊಯ್ನಾಗಳ ಕಡೆ ಸುರಿದ ಮಳೆ ಚಿಕ್ಕೋಡಿ, ಅಥಣಿಗಳಿಗೆ ಬರುತ್ತದೆ. ಘಟ್ಟದ ಮಳೆ ಹಿಡಕಲ್, ನವಿಲುತೀರ್ಥದ ಅಣೆಕಟ್ಟುಗಳನ್ನು ತುಂಬಿ ಗೋಕಾಕ, ರಾಮದುರ್ಗಗಳ ಬಾಗಿಲಿಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣದಲ್ಲಿಯೂ ಮಲಪ್ರಭೆಯ ನೀರು ನಿಂತಿತ್ತು.

ಆದಕಾರಣ ವಾರ್ತೆಯಲ್ಲಿ ಹೇಳುವ ಅಂಕಿಗೆ ಕಿವಿಗೊಡಬೇಕು. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. ಲಕ್ಷ ಕ್ಯೂಸೆಕ್ಸ್ ಬಿಟ್ಟರೆಂದರೆ ಸೆಕೆಂಡಿಗೆ 28 ಲಕ್ಷ ಲೀಟರು ನೀರು ಹೊರಟಿತೆಂದು ಅರ್ಥ. ಆದರೆ ಇದಕ್ಕಿಂತ ನಿಮ್ಮ ಮನೆಯ ಲೆಕ್ಕ ಮುಖ್ಯವಾದುದು. ಹಿಂದಿನ ಪೂರದಲ್ಲಿ ನೀರು ಯಾವ ಮೆಟ್ಟಿಲಿಗೆ ಮುಟ್ಟಿತ್ತು, ಆಗ ಅಣೆಕಟ್ಟಿನಿಂದ ಎಷ್ಟು ಬಿಟ್ಟಿದ್ದರು, ಬಿಟ್ಟ ಎಷ್ಟು ತಾಸಿಗೆ ಇಲ್ಲಿಗೆ ಬಂದಿತು, ಈ ಮೂರನ್ನು ಪಡಸಾಲೆಯ ಗೋಡೆಗೆ ಬರೆದಿಡಿರಿ. 2009ರ, 2019ರ ಗುರುತುಗಳನ್ನು ಓಣಿಯ ಹಿರಿಯರು ಬೆರಳಿಟ್ಟು ತೋರಿಸಿಯಾರು.

ಹೊಲದ ಉತಾರ, ರೇಷನ್ ಕಾರ್ಡು, ಆಧಾರ್, ಪಾಸುಬುಕ್ಕು ಇವೆಲ್ಲ ಮಳೆಗಾಲ ಮುಗಿಯುವತನಕ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಜೊತೆಗೆ ನಿತ್ಯದ ಔಷಧಿ, ಟಾರ್ಚು, ಸೆಲ್ಲಿನ ರೇಡಿಯೋ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ಇದ್ದರೆ ಒಲೆಯ ಹಂಗಿಲ್ಲ. ನಮ್ಮ ತಾಯಂದಿರು ಇದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ಜೋಳದ ಚೀಲ ಅಟ್ಟಕ್ಕೇರಲಿ. ನೀರು ಹೊಸ್ತಿಲು ದಾಟುವ ಮೊದಲೇ, ಒಣ ಕೈಯಿಂದ, ಕರೆಂಟಿನ ಮೇನ್ ಸ್ವಿಚ್ಚು ಆರಿಸಿರಿ. ಗ್ಯಾಸಿನ ರೆಗ್ಯುಲೇಟರು ಮುಚ್ಚಿ ಸಿಲಿಂಡರನ್ನು ಕಟ್ಟಿಹಾಕಿರಿ, ಅದು ತೇಲುತ್ತದೆ.

ಹೊರಡುವುದಾದರೆ ಹಗಲಿನಲ್ಲೇ ಹೊರಡಬೇಕು. ಕಟ್ಟಿದ ದನ ಕಟ್ಟಿದಲ್ಲೇ ಮುಳುಗುತ್ತದೆ. ಹೊಡೆದುಕೊಂಡು ಹೋಗಲಾಗದಿದ್ದರೆ ಕಣ್ಣಿಯನ್ನಾದರೂ ಬಿಚ್ಚಿರಿ. ಇನ್ನು ಮನೆಯ ಅಜ್ಜ “ಇಂಥಾ ಹೊಳಿ ಎಷ್ಟ ನೋಡೀನಿ, ನಾ ಬರಂಗಿಲ್ಲ” ಎಂದು ಕುಳಿತುಬಿಡುವುದು ಎಲ್ಲ ಊರಿನ ಕಥೆ. ಅವರನ್ನು ಒಪ್ಪಿಸುವ ಕಾಲ ಜೂನ್ ತಿಂಗಳೇ ಹೊರತು ನೀರು ಒಳಬಂದ ರಾತ್ರಿಯಲ್ಲ. ಯಾವ ಬೀಗರ ಮನೆಗೆ, ಯಾವ ದಾರಿಯಿಂದ, ಯಾರ ಗಾಡಿಯಲ್ಲಿ ಎಂಬುದು ಮುಂಚೆಯೇ ಗೊತ್ತಾಗಿದ್ದರೆ ಹಿರಿಯರಿಗೂ ಹಟ ಬಿಡುವುದು ಸುಲಭ.

ಮೊಣಕಾಲುದ್ದದ ಹರಿಯುವ ನೀರು ಗಟ್ಟಿಯಾಳನ್ನೂ ಕೆಡವುತ್ತದೆ. ಎರಡಡಿ ನೀರು ಮೋಟಾರನ್ನೇ ಎತ್ತಿ ಒಯ್ಯಬಲ್ಲದು. ಮುಳುಗಿದ ಸೇತುವೆಯ ಅಂದಾಜು ಎಷ್ಟೇ ಪರಿಚಯದ್ದಾಗಿರಲಿ, ಇಳಿಯಲಾಗದು. ಸಿಕ್ಕಿಕೊಂಡರೆ ಮಾಳಿಗೆ ಏರಿ 112ಕ್ಕೆ ಕರೆ ಮಾಡಿರಿ.

ನೀರಿಳಿದ ಮೇಲೆ ಮನೆಗೆ ಓಡುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ನೆನೆದ ಮಣ್ಣಿನ ಗೋಡೆ ಹೊಳೆ ಇದ್ದಾಗ ನಿಂತಿದ್ದು, ಹೊಳೆ ಇಳಿದ ಮೇಲೆ ಕುಸಿಯುವುದುಂಟು. ಹೊರಗಿನಿಂದ ಬಿರುಕು, ಉಬ್ಬು ನೋಡಿರಿ. ಅನುಮಾನವಿದ್ದರೆ ಒಳಗೆ ಮಲಗಬೇಡಿರಿ. ಮೂಲೆಯಲ್ಲಿ ಹಾವು ಇದ್ದೀತು, ಕೋಲಾಡಿಸಿ ಕೈಹಾಕಿರಿ. ಬಾವಿಗೆ ಬ್ಲೀಚಿಂಗ್ ಪುಡಿ ಬೀಳುವತನಕ, ಬಿದ್ದ ಮೇಲೂ ಕೆಲವು ದಿನ, ಕುಡಿಯುವ ನೀರನ್ನು ಕುದಿಸಿ ಆರಿಸಿಕೊಳ್ಳಿರಿ.