ಅಮೆರಿಕದಲ್ಲಿ ರಿಟೈರ್ ಆದ್ಮೇಲೆ ರಾಜ್ಯ ಬದಲಿಸಿದ್ರೆ ಮನೆ ತೆರಿಗೆ ನಿಜವಾಗ್ಲೂ ಇಳಿಯುತ್ತಾ?

ಬಸ್ಸಲ್ಲೋ ಮೆಟ್ರೋದಲ್ಲೋ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರಿಗೂ, ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಕಾರ್ ಓಡಿಸ್ತಾ ಕೇಳ್ತಾ ಇರೋರಿಗೂ ಇವತ್ತಿನ ವಿಷಯ ಒಂದೇ: ಮನೆ ತೆರಿಗೆ. ಅಂದ್ರೆ ಪ್ರಾಪರ್ಟಿ ಟ್ಯಾಕ್ಸ್.

'ನಮಗೆ ಇನ್ನೂ ಸ್ವಂತ ಮನೇನೇ ಇಲ್ಲ, ರಿಟೈರ್‌ಮೆಂಟ್ ಮಾತು ಯಾಕೆ' ಅಂತ ಸ್ಕಿಪ್ ಮಾಡ್ಬೇಡಿ. ನಿಮ್ಮ ದೊಡ್ಡಪ್ಪನೋ ಅತ್ತೆಯೋ 80, 90ರ ದಶಕದಲ್ಲಿ ಅಮೆರಿಕಕ್ಕೆ ಹೋಗಿದ್ರೆ ಅವರಿಗೆ ಈಗ ನಿವೃತ್ತಿಯ ವಯಸ್ಸು. 'ನ್ಯೂಜೆರ್ಸಿ ಮನೆ ಮಾರಿ ಫ್ಲಾರಿಡಾಕ್ಕೆ ಹೋಗೋಣ ಅಂತಿದೀವಿ, ಸ್ವಲ್ಪ ಆನ್‌ಲೈನ್‌ನಲ್ಲಿ ನೋಡಿ ಹೇಳೋ' ಅಂತ ಫೋನ್ ಬರೋದು ಮನೆಯ ಹುಡುಗರಿಗೇ. ಇನ್ನೊಂದು ಕಾರಣಾನೂ ಇದೆ. ಹಿರಿಯರಿಗೆ ಕೊಡೋ ಈ ರಿಯಾಯಿತಿಯ ಭಾರ ಕೊನೆಗೆ ಯಾರ ಹೆಗಲಿಗೆ ಬೀಳುತ್ತೆ ಅನ್ನೋದು. ಅದಕ್ಕೆ ಕೊನೆಯಲ್ಲಿ ಬರ್ತೀನಿ.

ಮೊದಲು ಬುಡದಿಂದ ಶುರು ಮಾಡೋಣ. ಅಮೆರಿಕದಲ್ಲಿ ಮನೆ ತೆರಿಗೆ ಹೆಚ್ಚುಕಡಿಮೆ ಪೂರ್ತಿ ಸ್ಥಳೀಯ ವ್ಯವಹಾರ. ಕೌಂಟಿ, ಊರಿನ ಆಡಳಿತ, ಸ್ಕೂಲ್ ಡಿಸ್ಟ್ರಿಕ್ಟ್ ಇವೆಲ್ಲ ತಂತಮ್ಮ ಪಾಲು ಹಾಕ್ತವೆ. ಇದರಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ಸರ್ಕಾರಿ ಶಾಲೆಗಳಿಗೆ ಹೋಗುತ್ತೆ. ಮಕ್ಕಳು ಓದಿ, ಕೆಲಸ ಹಿಡಿದು, ಬೇರೆ ಊರಿಗೆ ಹೋಗಿ 20 ವರ್ಷ ಆದ್ರೂ ಅಪ್ಪ ಅಮ್ಮ ಶಾಲೆಯ ತೆರಿಗೆ ಕಟ್ತಾನೇ ಇರ್ತಾರೆ. ಸಂಬಳ ನಿಂತರೆ ಆದಾಯ ತೆರಿಗೆ ತಾನಾಗೇ ಇಳಿಯುತ್ತೆ. ಮನೆ ತೆರಿಗೆ ಹಾಗಲ್ಲ. ಕೈಯಲ್ಲಿ ಕಾಸಿಲ್ಲದಿದ್ರೂ ಮನೆಯ ಬೆಲೆ ಏರಿದ ಹಾಗೆ ಅದೂ ಏರುತ್ತೆ. ಸಾಲ ಪೂರ್ತಿ ತೀರಿಸಿದ ಮನೆಗೂ ತಿಂಗಳಿಗೆ ಸಾವಿರ ಡಾಲರ್ ತೆತ್ತಂಗೆ ಆಗೋದು ಹೀಗೆ.

ನ್ಯೂಜೆರ್ಸಿ ಇದಕ್ಕೆ ಹೆಸರುವಾಸಿ. ಅಲ್ಲಿನ ಸರಾಸರಿ ಮನೆ ತೆರಿಗೆ 2024ರಲ್ಲಿ ವರ್ಷಕ್ಕೆ 10,000 ಡಾಲರ್ ದಾಟಿತು. ಎಡಿಸನ್ ಸುತ್ತಮುತ್ತ ನಮ್ಮವರು ತುಂಬಾ ಜನ ಇದ್ದಾರೆ. ಅವರ ಮಾತಿನಲ್ಲಿ ಈ ವಿಷಯ ಬಾರದ ಹಬ್ಬದೂಟ ಇರಲಿಕ್ಕಿಲ್ಲ. ಹಾಗಾಗಿ 'ಫ್ಲಾರಿಡಾ, ಟೆಕ್ಸಸ್‌ನಲ್ಲಿ ಟ್ಯಾಕ್ಸೇ ಇಲ್ವಂತೆ' ಅನ್ನೋ ಮಾತು ಬೇಗ ಹಬ್ಬುತ್ತೆ.

ಈ ಮಾತು ಅರ್ಧ ಮಾತ್ರ ನಿಜ. ಫ್ಲಾರಿಡಾ, ಟೆಕ್ಸಸ್ ಎರಡರಲ್ಲೂ ರಾಜ್ಯದ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಜೊತೆಗೆ 1996ರಿಂದ ಒಂದು ಫೆಡರಲ್ ಕಾನೂನು ಜಾರಿಯಲ್ಲಿದೆ. ನೀವು ನ್ಯೂಜೆರ್ಸಿಯಲ್ಲಿ ದುಡಿದು ಗಳಿಸಿದ ಪೆನ್ಷನ್ನು, 401ಕೆ ಹಣವನ್ನು ಫ್ಲಾರಿಡಾ ನಿವಾಸಿಯಾಗಿ ತಗೊಂಡ್ರೆ, ಅದರ ಮೇಲೆ ಹಳೆಯ ರಾಜ್ಯ ತೆರಿಗೆ ಹಾಕೋ ಹಾಗಿಲ್ಲ. ಆದ್ರೆ ಇದೆಲ್ಲ ಆದಾಯ ತೆರಿಗೆಯ ಮಾತು. ಮನೆ ತೆರಿಗೆ ಎರಡೂ ಕಡೆ ಇದೆ. ಟೆಕ್ಸಸ್‌ನಲ್ಲಂತೂ ಅದರ ದರ ಚೆನ್ನಾಗೇ ಬಿಸಿ ಮುಟ್ಟಿಸುತ್ತೆ. ಆದಾಯ ತೆರಿಗೆ ಇಲ್ಲದ ರಾಜ್ಯವೂ ಶಾಲೆ, ರಸ್ತೆ, ಪೊಲೀಸ್ ನಡೆಸ್ಬೇಕಲ್ವಾ? ಹಣ ಎಲ್ಲಿಂದಲೋ ಬರಲೇಬೇಕು.

ಈಗ ಫ್ಲಾರಿಡಾದ ರಿಯಾಯಿತಿ ನೋಡೋಣ. ಇದಕ್ಕೆ ಹೋಮ್‌ಸ್ಟೆಡ್ ಎಕ್ಸೆಂಪ್ಶನ್ ಅಂತಾರೆ. ಸರಳವಾಗಿ ಹೇಳೋದಾದ್ರೆ, ನೀವೇ ಖಾಯಂ ಆಗಿ ವಾಸ ಮಾಡೋ ಮನೆಗೆ ವಿನಾಯಿತಿ. ಬೆಂಗಳೂರಲ್ಲಿ ಸ್ವಂತ ವಾಸದ ಮನೆಗೆ ಬಾಡಿಗೆಗೆ ಕೊಟ್ಟ ಮನೆಗಿಂತ ಕಡಿಮೆ ತೆರಿಗೆ ಹಾಕ್ತಾ ಬಂದಿಲ್ವಾ, ಯೋಚನೆ ಅದೇ. ಫ್ಲಾರಿಡಾದಲ್ಲಿ ಮನೆಯ ಮೌಲ್ಯದ ಮೊದಲ 25,000 ಡಾಲರ್‌ಗೆ ಯಾವ ಮನೆ ತೆರಿಗೆಯೂ ಇಲ್ಲ. 50,000ದ ಮೇಲೆ ಇನ್ನೊಂದು ಭಾಗಕ್ಕೆ (2024ರಲ್ಲಿ ಅದು 25,000 ಇತ್ತು) ಶಾಲಾ ತೆರಿಗೆ ಬಿಟ್ಟು ಉಳಿದದ್ದಕ್ಕೆ ವಿನಾಯಿತಿ. ಈ ಎರಡನೇ ಭಾಗವನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸೋದಕ್ಕೆ 2024ರ ನವೆಂಬರ್‌ನಲ್ಲಿ ಮತದಾರರು ಒಪ್ಪಿಗೆ ಕೊಟ್ಟರು.

ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಹೆಸರು 'ಸೇವ್ ಅವರ್ ಹೋಮ್ಸ್'. 1992ರಲ್ಲಿ ಮತದಾರರು ಒಪ್ಪಿದ ಸಂವಿಧಾನ ತಿದ್ದುಪಡಿ ಇದು. ಮಾರುಕಟ್ಟೆಯಲ್ಲಿ ಮನೆ ಬೆಲೆ ಎಷ್ಟೇ ಜಿಗಿದ್ರೂ, ತೆರಿಗೆ ಲೆಕ್ಕಕ್ಕೆ ಹಿಡಿಯೋ ಮೌಲ್ಯ ವರ್ಷಕ್ಕೆ ಶೇ. 3 ಅಥವಾ ಹಣದುಬ್ಬರ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಏರಬಹುದು. ಒಂದೇ ಮನೇಲಿ 20 ವರ್ಷ ಇದ್ದೋರಿಗೆ ಇದು ದೊಡ್ಡ ರಕ್ಷಣೆ.

ಹೊಸದಾಗಿ ಹೋಗೋರು ಎಡವೋದು ಸರಿಯಾಗಿ ಇಲ್ಲೇ. ಈ ರಕ್ಷಣೆ ಅಂಟಿಕೊಂಡಿರೋದು ಮಾಲೀಕನಿಗೆ. ಮನೆ ಮಾರಾಟ ಆದ್ರೆ ಮುಂದಿನ ಜನವರಿ 1ಕ್ಕೆ ಮೌಲ್ಯ ಮತ್ತೆ ಮಾರುಕಟ್ಟೆ ಬೆಲೆಗೆ ಏರುತ್ತೆ.

ಒಂದು ಲೆಕ್ಕ ಹಾಕೋಣ. ಸುಲಭ ಆಗ್ಲಿ ಅಂತ ಶಾಲಾ ತೆರಿಗೆಯ ಸೂಕ್ಷ್ಮ ಬಿಟ್ಟು, 50,000 ಪೂರ್ತಿ ವಿನಾಯಿತಿ, ದರ ಶೇ. 1.5 ಅಂತ ಇಟ್ಕೊಳ್ಳಿ. ಮನೆಯ ಮಾರುಕಟ್ಟೆ ಬೆಲೆ 4,50,000 ಡಾಲರ್. ಹಳೆಯ ಮಾಲೀಕರು ಅಲ್ಲಿ ತುಂಬಾ ವರ್ಷದಿಂದ ಇರೋದ್ರಿಂದ ಅವರ ತೆರಿಗೆ ಮೌಲ್ಯ 2,20,000 ಮಾತ್ರ. ವಿನಾಯಿತಿ ಕಳೆದ್ರೆ 1,70,000. ತೆರಿಗೆ 2,550 ಡಾಲರ್. ಮನೆ ಮಾರೋ ಆ್ಯಪ್‌ನಲ್ಲಿ ನಿಮ್ಮ ಅತ್ತೆಗೆ ಕಾಣೋದು ಈ ಅಂಕಿ. 'ಅಯ್ಯೋ ಎಷ್ಟು ಕಮ್ಮಿ' ಅಂತ ಅವರು ಖುಷಿಪಡ್ತಾರೆ. ಅವರು ಕೊಂಡ ಮೇಲೆ ಮೌಲ್ಯ 4,50,000. ವಿನಾಯಿತಿ ಕಳೆದ್ರೆ 4,00,000. ತೆರಿಗೆ 6,000 ಡಾಲರ್. ಎರಡು ಪಟ್ಟಿಗಿಂತ ಜಾಸ್ತಿ!

ಇನ್ನೂ ಒಂದು ಗಮ್ಮತ್ತಿದೆ. ಕೊಂಡ ವರ್ಷದ ಉಳಿದ ತಿಂಗಳಿಗೆ ಹಳೆಯ ಮಾಲೀಕರ ವಿನಾಯಿತಿಯೇ ಮುಂದುವರಿಯುತ್ತೆ. ಹಾಗಾಗಿ ಮೊದಲ ಬಿಲ್ ಕಡಿಮೆ ಬರುತ್ತೆ, ಎರಡನೇ ವರ್ಷ ಪೆಟ್ಟು ಬೀಳುತ್ತೆ. ಅಷ್ಟೊತ್ತಿಗೆ ಹಳೆ ಮನೆ ಮಾರಿ ಆಗಿರುತ್ತೆ, ವಾಪಸ್ ಹೋಗೋ ದಾರಿ ಇರಲ್ಲ.

ಇನ್ನು ಉಳಿದಿರೋ ರಾಜ್ಯದಲ್ಲಿ ಏನು ಸಿಗುತ್ತೆ ಅಂತ ನೋಡೋಣ. ಇದನ್ನ ಜನ ನೋಡೋದೇ ಇಲ್ಲ. ನ್ಯೂಜೆರ್ಸಿಯಲ್ಲಿ 2023ರಲ್ಲಿ 'ಸ್ಟೇ ಎನ್‌ಜೆ' ಅನ್ನೋ ಕಾನೂನು ಬಂತು. ಹೆಸರಲ್ಲೇ ಉದ್ದೇಶ ಇದೆ: ಹೋಗ್ಬೇಡಿ, ಇಲ್ಲೇ ಇರಿ. 65 ದಾಟಿದ, ವರ್ಷದ ಆದಾಯ 5,00,000 ಡಾಲರ್‌ಗಿಂತ ಕಡಿಮೆ ಇರೋ ಮನೆ ಮಾಲೀಕರಿಗೆ ಮನೆ ತೆರಿಗೆಯ ಅರ್ಧ ಭಾಗ, ಗರಿಷ್ಠ 6,500 ಡಾಲರ್‌ವರೆಗೆ, ವಾಪಸ್ ಕೊಡೋ ಯೋಜನೆ. 'ಆ್ಯಂಕರ್', 'ಸೀನಿಯರ್ ಫ್ರೀಜ್' ಅನ್ನೋ ಹಳೆಯ ಯೋಜನೆಗಳೂ ಇವೆ. ಅವನ್ನೆಲ್ಲ ಸೇರಿಸಿಯೇ ಲೆಕ್ಕ, ಒಂದರ ಮೇಲೊಂದು ಪೇರಿಸೋ ಹಾಗಿಲ್ಲ.

ಈಗ ನ್ಯೂಜೆರ್ಸಿಯಲ್ಲಿ 12,000 ಡಾಲರ್ ಕಟ್ತಿರೋ 67 ವರ್ಷದ ದಂಪತಿ ಅಂತ ಇಟ್ಕೊಳ್ಳಿ. ಅರ್ಧ ವಾಪಸ್ ಬಂದ್ರೆ ಉಳಿಯೋದು 6,000. ಫ್ಲಾರಿಡಾದ ನಮ್ಮ ಉದಾಹರಣೆಯ ಮನೆಗೆ ಎಷ್ಟಿತ್ತು? ಅದೂ 6,000! 1,500 ಕಿಲೋಮೀಟರ್ ದೂರ ಗಂಟುಮೂಟೆ ಕಟ್ಟಿಕೊಂಡು ಹೋಗಿ ಉಳಿಸಿದ್ದು ಸೊನ್ನೆ.

'ಆದಾಯ ತೆರಿಗೆ ಉಳೀತಲ್ಲ' ಅಂತೀರಾ? ಅದನ್ನೂ ನೋಡಿ. ನ್ಯೂಜೆರ್ಸಿ ಸೋಷಿಯಲ್ ಸೆಕ್ಯುರಿಟಿ ಹಣಕ್ಕೆ ತೆರಿಗೆ ಹಾಕಲ್ಲ. 62 ದಾಟಿದ ದಂಪತಿಯ ಆದಾಯ ಒಂದು ಮಿತಿಯೊಳಗಿದ್ರೆ 1,00,000 ಡಾಲರ್‌ವರೆಗಿನ ಪೆನ್ಷನ್ ಹಣವನ್ನೂ ಲೆಕ್ಕದಿಂದ ಬಿಡುತ್ತೆ. ಅಂದ್ರೆ ಮಧ್ಯಮ ವರ್ಗದ ಎಷ್ಟೋ ನಿವೃತ್ತರು ಅಲ್ಲಿ ರಾಜ್ಯಕ್ಕೆ ಕಟ್ತಿರೋ ಆದಾಯ ತೆರಿಗೆಯೇ ಅತ್ಯಲ್ಪ. ಫ್ಲಾರಿಡಾದ ದೊಡ್ಡ ಲಾಭ ದೊಡ್ಡ ಆದಾಯದವರಿಗೆ. ಜೊತೆಗೆ ಫ್ಲಾರಿಡಾದಲ್ಲಿ ಚಂಡಮಾರುತದ ಕಾರಣ ಮನೆ ವಿಮೆ ದುಬಾರಿ. ಎಷ್ಟೋ ಬಡಾವಣೆಗಳಲ್ಲಿ ತಿಂಗಳು ತಿಂಗಳು ಸಂಘದ ಶುಲ್ಕ ಬೇರೆ.

ಹಾಗಂತ ನ್ಯೂಜೆರ್ಸಿಯೇ ವಾಸಿ ಅಂತ ನಾನು ಹೇಳ್ತಿಲ್ಲ. 'ಸ್ಟೇ ಎನ್‌ಜೆ'ಗೆ ಪ್ರತಿ ವರ್ಷದ ಬಜೆಟ್‌ನಲ್ಲಿ ಹಣ ಇಡ್ಬೇಕು. ಒಂದು ವರ್ಷ ಕೈ ಬಿಗಿಯಾದ್ರೆ ಮೊತ್ತ, ಮಿತಿ ಎರಡೂ ಬದಲಾಗಬಹುದು. ಫ್ಲಾರಿಡಾದ ಶೇ. 3ರ ಮಿತಿ ಸಂವಿಧಾನದಲ್ಲೇ ಕೂತಿದೆ. ಇನ್ನೂ 25 ವರ್ಷ ಬಾಳೋ ಯೋಚನೆ ಇದ್ದೋರಿಗೆ ಆ ಭರವಸೆಗೆ ಬೆಲೆ ಇದೆ. ಮೊಮ್ಮಕ್ಕಳು ಎಲ್ಲಿದ್ದಾರೆ, ಡಾಕ್ಟರ್ ಎಷ್ಟು ಹತ್ತಿರ ಅನ್ನೋದಕ್ಕೂ ಬೆಲೆ ಇದೆ. ಅದು ಯಾವ ಕ್ಯಾಲ್ಕ್ಯುಲೇಟರ್‌ನಲ್ಲೂ ಬರಲ್ಲ.

ಟೆಕ್ಸಸ್ ಕಥೆ ಬೇರೆ. ಅಲ್ಲಿ ದರ ಜಾಸ್ತಿ, ಆದ್ರೆ 65 ದಾಟಿದವರಿಗೆ ಕೊಡೆ ದೊಡ್ಡದು. 2025ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ತಿದ್ದುಪಡಿಗಳ ಪ್ರಕಾರ, ಸ್ವಂತ ವಾಸದ ಮನೆಗೆ ಶಾಲಾ ತೆರಿಗೆಯಲ್ಲಿ 1,40,000 ಡಾಲರ್ ವಿನಾಯಿತಿ. 65 ದಾಟಿದ್ರೆ ಅದರ ಮೇಲೆ ಇನ್ನೂ 60,000. ಒಟ್ಟು 2,00,000. ಅಷ್ಟೇ ಅಲ್ಲ, 65ರ ನಂತರ ಶಾಲಾ ತೆರಿಗೆಯ ಮೊತ್ತಕ್ಕೆ ಒಂದು ಮೇಲ್ಮಿತಿ ಬೀಳುತ್ತೆ. ಹೊಸ ಕೋಣೆ ಕಟ್ಟಿಸೋ ಥರದ್ದು ಏನೂ ಮಾಡದಿದ್ರೆ ಅದು ಏರಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ತೀರಿಕೊಂಡಾಗ ಇನ್ನೊಬ್ಬರಿಗೆ 55 ಆಗಿದ್ರೆ, ಆ ಮನೇಲೇ ಇದ್ರೆ, ಮಿತಿ ಅವರಿಗೂ ಮುಂದುವರಿಯುತ್ತೆ. ಕಟ್ಟೋಕೆ ಆಗದಿದ್ರೆ ತೆರಿಗೆ ಮುಂದೂಡೋ ಅವಕಾಶವೂ ಇದೆ. ಆದ್ರೆ ಅದು ಮನ್ನಾ ಅಲ್ಲ. ಬಡ್ಡಿ ಸೇರುತ್ತೆ, ಕೊನೆಗೆ ಮನೆಯ ಮೇಲೇ ಬರುತ್ತೆ, ಅಂದ್ರೆ ಮಕ್ಕಳ ಲೆಕ್ಕಕ್ಕೆ.

ಇನ್ನು ನಮ್ಮವರಿಗೆ ವಿಶೇಷವಾಗಿ ಒಂದು ಮಾತು. ನಿವೃತ್ತರಾದ ಮೇಲೆ ಆರು ತಿಂಗಳು ಅಲ್ಲಿ, ಆರು ತಿಂಗಳು ಮೈಸೂರಲ್ಲಿ ಇರೋದು ಎಷ್ಟೋ ಜನರ ಆಸೆ. ಹೋಮ್‌ಸ್ಟೆಡ್ ಸಿಗೋದು ಖಾಯಂ ಮನೆಗೆ ಮಾತ್ರ. ಊರಿಗೆ ಬಂದು ಹೋಗೋದಕ್ಕೆ ಅಡ್ಡಿಯಿಲ್ಲ. ಇಲ್ಲಿದ್ದಾಗ ಆ ಮನೆ ಬಾಡಿಗೆಗೆ ಕೊಡ್ತೀವಿ ಅಂದ್ರೆ ಹುಷಾರು. ಫ್ಲಾರಿಡಾದಲ್ಲಿ ಸತತ ಎರಡು ವರ್ಷ, ವರ್ಷಕ್ಕೆ 30 ದಿನಕ್ಕಿಂತ ಹೆಚ್ಚು ಬಾಡಿಗೆಗೆ ಬಿಟ್ಟರೆ ವಿನಾಯಿತಿ ಕಳ್ಕೋಬಹುದು. ನ್ಯೂಜೆರ್ಸಿ ಮನೆ ಇಟ್ಕೊಂಡು ಎರಡೂ ಕಡೆ 'ಇದೇ ನಮ್ಮ ಖಾಯಂ ಮನೆ' ಅಂತ ಬರೆದುಕೊಟ್ರೆ ಇನ್ನೂ ಕಷ್ಟ. ಸಿಕ್ಕಿಬಿದ್ರೆ ಫ್ಲಾರಿಡಾ 10 ವರ್ಷ ಹಿಂದಕ್ಕೆ ಹೋಗಿ ತೆರಿಗೆ ವಸೂಲಿ ಮಾಡಬಹುದು, ಮೇಲೆ ಶೇ. 50 ದಂಡ, ವರ್ಷಕ್ಕೆ ಶೇ. 15 ಬಡ್ಡಿ. ರಿಟೈರ್‌ಮೆಂಟ್ ದುಡ್ಡು ಕರಗೋಕೆ ಅಷ್ಟು ಸಾಕು.

ಹಾಗಾದ್ರೆ ದೊಡ್ಡಪ್ಪನ ಫೋನ್ ಬಂದಾಗ ಏನು ಹೇಳ್ಬೇಕು? ಆ್ಯಪ್‌ನಲ್ಲಿ ಕಾಣೋ ಹಳೆ ತೆರಿಗೆ ನಂಬ್ಬೇಡಿ ಅನ್ನಿ. ಆ ಕೌಂಟಿಯ ಪ್ರಾಪರ್ಟಿ ಅಪ್ರೈಸರ್ ವೆಬ್‌ಸೈಟ್‌ಗೆ ಹೋಗಿ. ಎಷ್ಟೋ ಕೌಂಟಿಗಳಲ್ಲಿ ಹೊಸ ಮಾಲೀಕರಿಗೆ ಎಷ್ಟು ಬರುತ್ತೆ ಅಂತ ಅಂದಾಜು ಹಾಕೋ ಪುಟಾನೇ ಇದೆ. ವಿನಾಯಿತಿ ತಾನಾಗೇ ಬರಲ್ಲ, ಅರ್ಜಿ ಹಾಕ್ಬೇಕು. ಫ್ಲಾರಿಡಾದಲ್ಲಿ ಜನವರಿ 1ಕ್ಕೆ ಆ ಮನೇಲಿ ಖಾಯಂ ವಾಸ ಇರ್ಬೇಕು, ಮಾರ್ಚ್ 1ರೊಳಗೆ ಅರ್ಜಿ ಕೊಡ್ಬೇಕು. ವಿಮೆ, ಸಂಘದ ಶುಲ್ಕ, ಎರಡೂ ರಾಜ್ಯದ ಆದಾಯ ತೆರಿಗೆ ಎಲ್ಲ ಒಂದೇ ಹಾಳೇಲಿ ಬರೆದು, ಎರಡನೇ ವರ್ಷದ ಬಿಲ್ಲಿನ ಲೆಕ್ಕ ಹಾಕಿ. ಸಾಧ್ಯವಾದ್ರೆ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಮನೆ ಮಾರೋ ಮುಂಚೆ ತೆರಿಗೆ ತಜ್ಞರ ಹತ್ರ ಒಂದು ಗಂಟೆ ಕೂತ್ರೆ ಆ ಶುಲ್ಕ ದಂಡ ಅಲ್ಲ.

ಕೊನೆಗೆ, ಶುರುವಿನಲ್ಲಿ ಹೇಳಿದ ಆ ಭಾರದ ಪ್ರಶ್ನೆ. ಕ್ಯಾಲಿಫೋರ್ನಿಯಾ 1978ರಲ್ಲೇ 'ಪ್ರೊಪೊಸಿಷನ್ 13' ಅಂತ ಇಂಥದ್ದೇ ಮಿತಿ ತಂತು. ಪಕ್ಕಪಕ್ಕದ ಒಂದೇ ಥರದ ಎರಡು ಮನೆ, ಹಳಬರಿಗೆ ಸಣ್ಣ ತೆರಿಗೆ, ಹೊಸದಾಗಿ ಬಂದವರಿಗೆ ಅದರ ಹಲವು ಪಟ್ಟು. ಇದು ಅನ್ಯಾಯ ಅಂತ ಹೊಸದಾಗಿ ಮನೆ ಕೊಂಡ ಒಬ್ಬರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 1992ರಲ್ಲಿ ಕೋರ್ಟು ಕಾನೂನನ್ನ ಎತ್ತಿಹಿಡೀತು. ವಯಸ್ಸಾದ ವಿಧವೆಯೊಬ್ಬರು ತೆರಿಗೆ ಕಟ್ಟಲಾರದೆ ತಾವು ಬಾಳಿದ ಮನೆ ಬಿಡ್ಬಾರದು, ಇದು ನ್ಯಾಯವೇ. ಆದ್ರೆ ಶಾಲೆಯ ಖರ್ಚು ಕಡಿಮೆ ಆಗಲ್ಲ. ಅವರು ಕೊಡದೇ ಇದ್ದದ್ದನ್ನ ಕೊಡೋದು ಮೊದಲ ಮನೆ ಕೊಳ್ಳೋ 30 ವರ್ಷದ ದಂಪತಿ, ಇಲ್ಲಾ ಬಾಡಿಗೆಯ ರೂಪದಲ್ಲಿ ಬಾಡಿಗೆದಾರರು. ಹೊಸದಾಗಿ ಹೋಗೋ ನಿವೃತ್ತರೂ ಮೊದಲ ವರ್ಷಗಳಲ್ಲಿ ಅದೇ ಸಾಲಲ್ಲಿ ನಿಲ್ತಾರೆ.

ನಮ್ಮ ನಗರಗಳಲ್ಲೂ ಮನೆ ತೆರಿಗೆ ಪರಿಷ್ಕರಣೆ ಅಂದಾಗೆಲ್ಲ ಗಲಾಟೆ ಆಗುತ್ತೆ. ಹಿರಿಯರಿಗೆ ರಿಯಾಯಿತಿ ಕೊಡಿ ಅನ್ನೋ ಬೇಡಿಕೆ ಬಂದಾಗ, ಯಾರಿಗೆ ಎಷ್ಟು ಬಿಟ್ಟರು ಅನ್ನೋದರ ಜೊತೆಗೆ ಆ ಹಣ ಯಾರು ತುಂಬ್ತಾರೆ ಅಂತಾನೂ ಕೇಳಿ. ಆದಾಯ ನೋಡಿ ಕೊಟ್ಟ ರಿಯಾಯಿತಿಗೂ ವಯಸ್ಸು ಮಾತ್ರ ನೋಡಿ ಕೊಟ್ಟ ರಿಯಾಯಿತಿಗೂ ತುಂಬಾ ವ್ಯತ್ಯಾಸ ಇದೆ.

ನಿಮ್ಮ ಮನೆಯವರು ಯಾರಾದ್ರೂ ಈ ಯೋಚನೆಯಲ್ಲಿದ್ರೆ, ಮನೆ ಮಾರಾಟದ ಬೋರ್ಡ್ ಹಾಕೋ ಮುಂಚೆ ಈ ಕಂತು ಅವರಿಗೆ ವಾಟ್ಸ್ಆ್ಯಪ್ ಮಾಡಿ.