ಬೆಟ್ಟದಡಿಯ ತೇರುಪೇಟೆ: ಇತಿಹಾಸ ಮತ್ತು ವಿನ್ಯಾಸ

(ರಥೋತ್ಸವದ ಅಂಗವಾಗಿ ಏರ್ಪಟ್ಟ ಉಪನ್ಯಾಸದ ಪಾಠ)



ಹೊಸೂರು ಕ್ಷೇತ್ರವು ಶ್ರೀ ಮರಕತಾಂಬಾ ಸಮೇತ ಶ್ರೀ ಚಂದ್ರಚೂಡೇಶ್ವರಸ್ವಾಮಿಯ ಸಾನ್ನಿಧ್ಯದಿಂದ ಪ್ರಸಿದ್ಧವಾಗಿದೆ. ಸ್ವಾಮಿಯ ಮಹಿಮೆಯನ್ನು ಹಿರಿಯರೂ ವಿದ್ವಾಂಸರೂ ಅನೇಕ ಬಾರಿ ವಿವರಿಸಿದ್ದಾರೆ. ಆದರೆ ಬೆಟ್ಟದ ಬುಡದಲ್ಲಿರುವ ತೇರುಪೇಟೆಯ ವಿಷಯವಾಗಿ ಮಾತನಾಡುವವರು ಕಡಿಮೆ. ದೇವಾಲಯ ಬೆಟ್ಟದ ಮೇಲಿದೆ. ರಥ ಸಾಗುವುದು ಪೇಟೆಯ ಬೀದಿಯಲ್ಲಿ. ಆದ್ದರಿಂದ ಈ ಪೇಟೆಯ ಪೂರ್ವವೃತ್ತಾಂತವೇನು, ಬೀದಿ, ಕೊಳ, ಮನೆಗಳು ಇಂಥ ಕಡೆಯೇ ಏಕೆ ನೆಲೆಗೊಂಡವು ಎಂಬುದನ್ನು ತಿಳಿಯುವುದೂ ಭಗವತ್ಸೇವೆಯ ಒಂದು ಅಂಗವೇ ಸರಿ.

ಊರಿನ ಪ್ರಾಚೀನತೆ

ಹೊಸೂರು ಎಂಬುದು ಅಚ್ಚಗನ್ನಡದ ಹೆಸರು. ಹೆಸರಿನಲ್ಲಿ 'ಹೊಸ' ಎಂದಿದ್ದರೂ ಊರು ಬಹಳ ಹಳೆಯದು. ಪುರಾತನ ಶಾಸನಗಳಲ್ಲಿ ಇದಕ್ಕೆ ಸೆವಿಡಪಾಡಿ ಎಂಬ ಹೆಸರಿದೆ. ಮೊರಸುನಾಡಿಗೆ ಸೇರಿದ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬಹುಕಾಲದಿಂದ ಬೆರೆತು ಬಂದಿವೆ. 13ನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಕಾಲಾನಂತರ ರಾಜ್ಯವು ಅವನ ಇಬ್ಬರು ಮಕ್ಕಳಲ್ಲಿ ಹಂಚಿಹೋಯಿತು. ಮೂರನೆಯ ನರಸಿಂಹ ದೋರಸಮುದ್ರದಿಂದ ಆಳಿದನು. ತಮಿಳು ಸೀಮೆಯನ್ನು ಪಡೆದ ರಾಮನಾಥನು ಮುಂದೆ ಹೊಸೂರಿಗೆ ಸಮೀಪದ ಕುಂದಾಣಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಹೀಗೆ ಈ ಬೆಟ್ಟದ ಆಸುಪಾಸು ಒಂದು ಕಾಲಕ್ಕೆ ಹೊಯ್ಸಳರ ಆಳ್ವಿಕೆಯ ಕೇಂದ್ರವೇ ಆಗಿತ್ತು.

ಶಿವನು ಹೊನ್ನಿನ ಬಣ್ಣದ ಉಡದ ರೂಪ ತಾಳಿ ಈ ಕಾಡಿಗೆ ಬಂದನೆಂದೂ, ಪಾರ್ವತೀದೇವಿಯು ಅದನ್ನು ಹಿಂಬಾಲಿಸಿ ಬಂದಳೆಂದೂ ಸ್ಥಳಪುರಾಣ ಹೇಳುತ್ತದೆ. ದೇವಿಗೆ ಮರಕತಾಂಬೆ, ಅಂದರೆ ಪಚ್ಚೆವರ್ಣದ ತಾಯಿ, ಎಂಬ ಹೆಸರಿದೆ. ಬೆಟ್ಟದಡಿಯ ಕೊಳವನ್ನೂ ಜನರು ಪಚ್ಚೆಕೊಳವೆಂದೇ ಕರೆಯುತ್ತಾರೆ.

ಕಡಲಿಲ್ಲದ ಬಂದರು

ಕಡಲ ತೀರದ ಊರುಗಳಲ್ಲಿ ಬಂದರು ಇರುತ್ತದೆ. ಸರಕು ಇಳಿಸುವ ಧಕ್ಕೆ, ಅದರ ಹಿಂದೆ ಮಂಡಿಗಳು, ಮಂಡಿಗಳಿಂದ ಮೇಲಕ್ಕೆ ಏರುವ ಬೀದಿಗಳು, ಗುಡ್ಡದ ಮೇಲೆ ನಾವಿಕರಿಗೆ ದಾರಿ ತೋರುವ ದೀಪಸ್ತಂಭ. ಮಂಗಳೂರಿನ ಬಂದರನ್ನೂ ಅಲ್ಲಿಯ ಬಾವುಟಗುಡ್ಡೆಯನ್ನೂ ಕಂಡವರಿಗೆ ಈ ರಚನೆ ತಿಳಿದದ್ದೇ.

ಹೊಸೂರಿಗೆ ಕಡಲಿಲ್ಲ, ಆದರೆ ಘಟ್ಟವಿದೆ. ಘಟ್ಟದ ಕೆಳಗಿನ ಕೃಷ್ಣಗಿರಿ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. ಮೇಲಿನ ಹೊಸೂರು ಸುಮಾರು 900 ಮೀಟರ್. ಕೆಳಗಿನದು ಬಾರಾಮಹಲ್ ಸೀಮೆ, ಮೇಲಿನದು ಬಾಲಾಘಾಟ್. ರಾಯಕೋಟೆಯ ದಾರಿಯಾಗಿ ಘಟ್ಟ ಹತ್ತಿ ಬಂದ ಹೇರೆತ್ತುಗಳು ಹೊರೆ ಇಳಿಸಿ, ನೀರು ಕುಡಿದು, ದಣಿವಾರಿಸಿಕೊಂಡು ಬೆಂಗಳೂರಿನ ಕಡೆಗೆ ಹೋಗಲು ಇಂಥ ಒಂದು ಪೇಟೆ ಬೇಕೇ ಬೇಕಾಗಿತ್ತು. ಬಯಲಿನಲ್ಲಿ ದೂರದಿಂದಲೇ ಕಾಣುವ ಬೆಟ್ಟದ ಗುಡಿಯು ದಾರಿಗರಿಗೆ ದೀಪಸ್ತಂಭದಂತೆ ಗುರುತಾಯಿತು. ಬೆಟ್ಟದ ಮೇಲೆ ದೇವರು, ಬುಡದಲ್ಲಿ ನೀರು, ನೀರಿನ ಸುತ್ತ ಪೇಟೆ: ಈ ಕ್ರಮದ ಹಿನ್ನೆಲೆ ಇದು.

ಯುದ್ಧಕಾಲದ ಪೇಟೆಗಳು

ಈ ಸ್ಥಾನದಿಂದ ವ್ಯಾಪಾರ ಬಂದಂತೆ ವಿಪತ್ತೂ ಬಂದಿತು. 1768ರ ನವೆಂಬರ್‌ನಲ್ಲಿ ಹೈದರಾಲಿ ಹೊಸೂರು ಕೋಟೆಯನ್ನು ಮುತ್ತಿದ್ದಾಗ ಅದರ ನೆರವಿಗೆ ಬಂದ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ವುಡ್ ತನ್ನ ಭಾರಿ ಫಿರಂಗಿಗಳನ್ನೂ ಸಾಮಾನುಗಳನ್ನೂ ಬಾಗಲೂರಿನಲ್ಲಿ ಬಿಟ್ಟಿದ್ದನು. ಹೈದರನು ಬಾಗಲೂರಿನ ಪೇಟೆಗೆ ನುಗ್ಗಿ ಅವನ್ನು ವಶಪಡಿಸಿಕೊಂಡನು. ಆಗ ಆಶ್ರಯಕ್ಕಾಗಿ ಕೋಟೆಯ ಬಾಗಿಲಿಗೆ ಓಡಿದ ಹೆಂಗಸರು, ಮಕ್ಕಳು, ದನಕರುಗಳು ನೂಕುನುಗ್ಗಲಿನಲ್ಲಿ ಸಿಕ್ಕಿ ಪ್ರಾಣಬಿಟ್ಟರು. 1791ರ ಜುಲೈನಲ್ಲಿ ಟಿಪ್ಪುವಿನ ಪಡೆ ಹೊಸೂರು ಕೋಟೆಯನ್ನು ತೆರವು ಮಾಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ ಕೃಷ್ಣಗಿರಿಯ ಮೇಲೆ ದಾಳಿ ಮಾಡಿದಾಗ ಬೆಟ್ಟದ ಕೆಳಗಿನ ಪೇಟೆ ಅವನ ವಶವಾಯಿತು. ಮೇಲಿನ ಕೋಟೆ ಮಾತ್ರ ಮಣಿಯಲಿಲ್ಲ.

ಎರಡು ಊರುಗಳ ಕಥೆಯೂ ಒಂದೇ ಮಾತನ್ನು ಹೇಳುತ್ತದೆ. ಅರಸರ ಜಗಳದಲ್ಲಿ ಮೊದಲ ಪೆಟ್ಟು ಬೀಳುತ್ತಿದ್ದುದು ಪೇಟೆಯ ಜನರಿಗೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್, 1799ರ ನಂತರ ಹೊಸೂರು ಸೀಮೆ ಇಂಗ್ಲಿಷರ ಕೈಸೇರಿತು. ಕೋಟೆಗಳ ಕೆಲಸ ಅಲ್ಲಿಗೆ ಮುಗಿಯಿತು. ಪೇಟೆಯ ಕೆಲಸ ಮುಗಿಯಲಿಲ್ಲ. ದೇವರ ತೇರಿನ ಕೆಲಸವೂ ಮುಗಿಯಲಿಲ್ಲ.

1913ರಲ್ಲಿ ಧರ್ಮಪುರಿಯ ಕಡೆಯಿಂದ ಹೊಸೂರಿಗೆ ಸಣ್ಣ ಗೇಜಿನ ರೈಲು ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅದು ನಿಂತುಹೋಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. 1970ರ ದಶಕದಿಂದ ಕೈಗಾರಿಕೆಗಳು ಬಂದು ಊರು ವೇಗವಾಗಿ ಬೆಳೆಯಿತು. 2011ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ 1,16,000ವನ್ನು ಮೀರಿತ್ತು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು.

ತೇರೇ ಅಳತೆಗೋಲು

ಈಗ ಪೇಟೆಯ ವಿನ್ಯಾಸವನ್ನು ನೋಡೋಣ. ಬೆಟ್ಟ ಹತ್ತಲಾರದವರು ಊರಿನಲ್ಲಿ ಎಷ್ಟೋ ಜನ. ಮುದುಕರು, ರೋಗಿಗಳು, ಬಾಣಂತಿಯರು, ಕಾಲಿಲ್ಲದವರು ವರ್ಷವೆಲ್ಲ ಕೆಳಗಿನಿಂದಲೇ ಕೈಮುಗಿಯುತ್ತಾರೆ. ಫಾಲ್ಗುಣ ಹುಣ್ಣಿಮೆಯ ವೇಳೆಗೆ ಸ್ವಾಮಿಯೇ ಅವರ ಬಳಿಗೆ ಇಳಿದು ಬರುತ್ತಾನೆ. ಮುಂದೆ ವಿನಾಯಕನ ತೇರು, ಹಿಂದೆ ಸ್ವಾಮಿಯ ಮತ್ತು ಅಮ್ಮನವರ ತೇರು. ತೇರುಬೀದಿ ಎಂಬುದು ಹೀಗೆ ಬೆಟ್ಟ ಹತ್ತಲಾರದವರ ಗರ್ಭಗುಡಿಯ ಬಾಗಿಲು.

ಬೇರೆ ಬೀದಿಗಳಿಗೆ ಎರಡು ಗಾಡಿ ಎದುರುಬದುರಾಗಿ ಹೋಗುವಷ್ಟು ಅಗಲ ಸಾಕು. ತೇರುಬೀದಿಗೆ ಅಷ್ಟು ಸಾಲದು. ತೇರಿನ ಅಗಲ, ಅದರ ಎರಡೂ ಮಗ್ಗುಲಲ್ಲಿ ಗಾಲಿಗೆ ತಡೆಮರ ಕೊಡುವವರು ಓಡಾಡುವ ಜಾಗ, ಅದರಾಚೆ ಭಕ್ತರು ನಿಲ್ಲುವ ಜಾಗ, ಇಷ್ಟನ್ನೂ ಲೆಕ್ಕಹಾಕಬೇಕು. ತಿರುವಿನಲ್ಲಿ ಇನ್ನೂ ಹೆಚ್ಚು ಜಾಗ ಬೇಕು. ತೇರಿಗೆ ಗಾಡಿಯಂತೆ ತಿರುಗುವ ಮೂಕಿಯಿಲ್ಲ. ಹಗ್ಗವನ್ನು ಓರೆಯಾಗಿ ಎಳೆದು, ಗಾಲಿಗೆ ಮರ ಕೊಟ್ಟು, ಅಂಗುಲ ಅಂಗುಲವಾಗಿ ತಿರುಗಿಸಬೇಕು. ಮೂಲೆಮನೆಯವರು ಒಂದು ಮೆಟ್ಟಿಲನ್ನು ಮುಂದಕ್ಕೆ ಕಟ್ಟಿದರೆ ಸಾಕು, ಸಾವಿರ ಜನ ಎಳೆದರೂ ತೇರು ಅಲ್ಲೇ ನಿಲ್ಲುತ್ತದೆ.

ಬೀದಿಯಷ್ಟೇ ಮುಖ್ಯವಾದದ್ದು ನೀರು. ಕಲ್ಲುಬೆಟ್ಟ ಮಳೆಯನ್ನು ಕುಡಿಯುವುದಿಲ್ಲ, ಹರಿಯಬಿಡುತ್ತದೆ. ಹಾಗೆ ಇಳಿದ ನೀರನ್ನು ಬುಡದಲ್ಲಿಯೇ ಕೊಳದಲ್ಲಿ ಹಿಡಿದಿಟ್ಟರೆ ಸುತ್ತಲಿನ ಬಾವಿಗಳಿಗೂ ಒರತೆ. ರಥೋತ್ಸವದ ತರುವಾಯ ತೆಪ್ಪೋತ್ಸವ ಇದೇ ನೀರಿನ ಮೇಲೆ ನಡೆಯುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಕಾಲುವೆಯನ್ನು ಮುಚ್ಚಿ ಮನೆ ಕಟ್ಟಿದರೆ ಎರಡು ನಷ್ಟ: ಬೇಸಿಗೆಯಲ್ಲಿ ಕೊಳ ಒಣಗುತ್ತದೆ, ಮಳೆಗಾಲದಲ್ಲಿ ಅದೇ ನೀರು ಮನೆಯೊಳಗೆ ನುಗ್ಗುತ್ತದೆ. ಶಿವನು ಗಂಗೆಯನ್ನು ಜಟೆಯಲ್ಲಿ ತಡೆದು ದಾರಿ ಮಾಡಿ ಬಿಟ್ಟನೆಂಬುದನ್ನು ಭಕ್ತರು ಇಲ್ಲಿ ನೆನೆಯಬೇಕು.

ಮೂರನೆಯದು ಜನ. ತೇರಿನ ಹಗ್ಗಕ್ಕೆ ಕೈಹಾಕುವವರಲ್ಲಿ ಕನ್ನಡದವರು, ತೆಲುಗರು, ತಮಿಳರು ಎಲ್ಲರೂ ಇದ್ದಾರೆ. ಬೆಂಗಳೂರು, ಆನೇಕಲ್ಲಿನ ಕಡೆಯಿಂದಲೂ ಭಕ್ತರು ಬರುತ್ತಾರೆ. ಒಬ್ಬರು ಹರಹರ ಎಂದರೆ ಇನ್ನೊಬ್ಬರು ಅರೋಹರ ಎನ್ನುತ್ತಾರೆ. ತೇರು ಎರಡಕ್ಕೂ ಚಲಿಸುತ್ತದೆ. ಮನೆಯಲ್ಲಿ ಕನ್ನಡ ಮಾತನಾಡಿ ಶಾಲೆಯಲ್ಲಿ ತಮಿಳು ಓದುವ ಮಕ್ಕಳಿಗೆ ತಮ್ಮ ಊರಿನ ಹೆಸರಿನ ಅರ್ಥವನ್ನೂ ಈ ಪೇಟೆಯ ಕಥೆಯನ್ನೂ ಹೇಳಬೇಕಾದವರು ಹಿರಿಯರು. ಹೇಳದಿದ್ದರೆ ಒಂದು ತಲೆಮಾರಿನಲ್ಲಿ ಅದು ಮರೆತುಹೋಗುತ್ತದೆ.

ಭಕ್ತರ ಹೊಣೆ

ದೇವಾಲಯಕ್ಕೆ ಬಣ್ಣ ಬಳಿಸುವುದು, ದೀಪಾಲಂಕಾರ ಮಾಡಿಸುವುದು ಪುಣ್ಯಕಾರ್ಯ. ತೇರುಬೀದಿಯ ಅಗಲವನ್ನು ಕಾಯುವುದು, ಕೊಳಕ್ಕೆ ಬರುವ ನೀರಿನ ದಾರಿಯನ್ನು ಬಿಡುವುದು, ಕೊಳಕ್ಕೆ ಕಸ ಹಾಕದಿರುವುದು ಅದಕ್ಕಿಂತ ಕಡಿಮೆಯ ಪುಣ್ಯವಲ್ಲ. ಇದಕ್ಕೆ ಹಣ ಬೇಕಿಲ್ಲ. ಒಂದು ಮೊಳ ಜಾಗದ ಆಸೆಯನ್ನು ಬಿಟ್ಟರೆ ಸಾಕು. ಹಿಂದಿನವರು ತಮ್ಮ ಜಗಲಿಗಳನ್ನು ಹಿಂದಕ್ಕೆ ಸರಿಸಿ ದೇವರಿಗೆ ದಾರಿ ಬಿಟ್ಟಿದ್ದರಿಂದಲೇ ಇಂದಿನವರ ಕೈಗೆ ತೇರಿನ ಹಗ್ಗ ಬಂದಿದೆ. ಅದನ್ನು ಮುಂದಿನವರ ಕೈಗೆ ದಾಟಿಸುವುದು ಪೇಟೆಯ ಪ್ರತಿಯೊಂದು ಮನೆಯ ಕರ್ತವ್ಯ.

ಶ್ರೀ ಮರಕತಾಂಬಾ ಸಮೇತ ಶ್ರೀ ಚಂದ್ರಚೂಡೇಶ್ವರಸ್ವಾಮಿಯು ಸಮಸ್ತರಿಗೂ ಸನ್ಮಂಗಳವನ್ನುಂಟುಮಾಡಲಿ.

ಸರ್ವೇ ಜನಾಃ ಸುಖಿನೋ ಭವಂತು.