ಕುಸುಬಿ ಕಾಳಿಗೆ ಎಣ್ಣೆ ತುಂಬುವ ಹೊತ್ತು

ಹುನಗುಂದದ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ಜೊತೆ ಅಕ್ಕಡಿ ಸಾಲಿನಲ್ಲಿ ಕುಸುಬಿ ಬಿತ್ತುವುದು ಹಳೆಯ ವಾಡಿಕೆ. ಮುಳ್ಳುಗಿಡ ದನಗಳನ್ನು ತಡೆಯುತ್ತದೆ, ಕಾಳು ಗಾಣಕ್ಕೆ ಹೋಗುತ್ತದೆ. ಕೊಯ್ಲಿಗೆ ನಸುಕೇ ಆಗಬೇಕು. ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ.

ಎಣ್ಣೆಯ ಲೆಕ್ಕ ಈ ನಾಡಿಗೆ ಹೊಸದಲ್ಲ. ಇದೇ ಸೀಮೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದವರು ದೂರದೂರಕ್ಕೆ ವ್ಯಾಪಾರ ಹೂಡಿದ್ದ ಶತಮಾನಗಳಲ್ಲಿ ಕನ್ನಡ ಶಾಸನಗಳು ಎಣ್ಣೆಗಾಣದವರನ್ನು ತೆಲ್ಲಿಗರೆಂದು ಕರೆದವು. ಗುಡಿಯ ನಂದಾದೀವಿಗೆಗೆ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ಕಲ್ಲಿನಲ್ಲಿ ಬರೆದಿಟ್ಟವು. ಹೊರಬಿದ್ದ ಎಣ್ಣೆಯನ್ನು ಅಳೆದದ್ದಾಯಿತು. ಅದು ಕಾಳಿನೊಳಗೆ ಸೇರುವ ಬಗೆ ತಿಳಿಯಲು ಮಾತ್ರ 20ನೇ ಶತಮಾನವೇ ಬರಬೇಕಾಯಿತು.

ಮೊದಲ ಸುಳಿವು ಸಿಕ್ಕಿದ್ದು ಹತ್ತಿಯಲ್ಲಿ. ಎಳೆಯ ಹತ್ತಿಕಾಯಿ ಉದುರುವುದೇಕೆ ಎಂದು ಕ್ಯಾಲಿಫೋರ್ನಿಯದಲ್ಲಿ ಹುಡುಕುತ್ತಿದ್ದ ಫ್ರೆಡ್ರಿಕ್ ಅಡಿಕಾಟ್ ಅವರ ತಂಡ 1963ರಲ್ಲಿ ಕಾಯಿಯಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿತು. ಮುಂದೆ ಅದಕ್ಕೆ ಅಬ್ಸಿಸಿಕ್ ಆಮ್ಲ ಎಂಬ ಹೆಸರು ನಿಂತಿತು. ಬಲಿಯುತ್ತಿರುವ ಬೀಜಕ್ಕೆ ಅದು ಕೊಡುವ ಅಪ್ಪಣೆ ಸರಳ: ಈಗಲೇ ಮೊಳೆಯಬೇಡ, ಕೂಡಿಡು, ಆಮೇಲೆ ಒಣಗಲು ಅಣಿಯಾಗು.

ಕೂಡಿಡುವ ಕೆಲಸ ನಡೆಸುವವರಾರು? 1998ರಲ್ಲಿ ನಿಕೋಲ್ ಫಾಕ್ಸ್ ಮತ್ತು ಕ್ರಿಸ್ಟೋಫ್ ಬೆನಿಂಗ್, ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಯಲ್ಲಿ ಸುಕ್ಕುಬೀಜದ ಒಂದು ತಳಿಯನ್ನು ವರ್ಣಿಸಿದರು. ಅದರಲ್ಲಿ ಎಣ್ಣೆ ಶೇಕಡಾ 80ರಷ್ಟು ಕಡಿಮೆ. ಬೀಜಕ್ಕೆ ಸಕ್ಕರೆ ಬರುತ್ತಿತ್ತು, ಎಣ್ಣೆಯಾಗುತ್ತಿರಲಿಲ್ಲ. ಕೆಟ್ಟಿದ್ದ ಜೀನಿಗೆ 'ರಿಂಕಲ್ಡ್-1' ಎಂದು ಹೆಸರಾಯಿತು. ಸಕ್ಕರೆಯನ್ನು ಎಣ್ಣೆಯಾಗಿಸುವ ಅನೇಕ ಜೀನುಗಳನ್ನು ಎಬ್ಬಿಸುವ ಮೇಸ್ತ್ರಿ ಅದರ ಪ್ರೋಟೀನು.

ಆ ಮೇಸ್ತ್ರಿಯ ಮೇಲೂ ಒಬ್ಬ ಕಾವಲುಗಾರನಿದ್ದಾನೆ. ಸಕ್ಕರೆ ಕೊರತೆಯಾದಾಗ ಕಿನ್-10 ಎಂಬ ಪ್ರೋಟೀನು ಮೇಸ್ತ್ರಿಯನ್ನು ನಾಶಕ್ಕೆ ಗುರುತು ಮಾಡುತ್ತದೆ. ಸಕ್ಕರೆ ಹೆಚ್ಚಿದಾಗ ಟ್ರೆಹಲೋಸ್ ಫಾಸ್ಫೇಟ್ ಎಂಬ ಸಣ್ಣ ಅಣು ಆ ಕಾವಲುಗಾರನ ಕೈಕಟ್ಟುತ್ತದೆ. 2018ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ ಇದನ್ನು ತೋರಿಸಿತು. ಉಂಡು ಮಿಕ್ಕರೆ ಮಾತ್ರ ಹಗೇವು ತುಂಬುವ ಒಕ್ಕಲುಮನೆಯ ಲೆಕ್ಕವೇ ಇದು.

ಹುನಗುಂದ, ಇಳಕಲ್ಲಿನ ಹಿಂಗಾರಿಗೆ ಈ ಲೆಕ್ಕ ನೇರವಾಗಿ ತಟ್ಟುತ್ತದೆ. ಬೆಳೆ ನಿಲ್ಲುವುದು ಎರೆಮಣ್ಣು ಹಿಡಿದಿಟ್ಟ ಹಸಿಯ ಮೇಲೆ. ಹೂ ಬಾಡಿದ ಮೇಲಿನ ಕೆಲವೇ ವಾರಗಳಲ್ಲಿ ಕಾಳಿಗೆ ಎಣ್ಣೆ ತುಂಬಬೇಕು. ಅಷ್ಟರಲ್ಲಿ ಹಸಿ ಆರಿ ಎಲೆ ಒಣಗಿದರೆ ಸಕ್ಕರೆ ಸಾಲದು, ಕಾಳು ಜೊಳ್ಳಾಗುತ್ತದೆ. ತಾಯಿಬೇರನ್ನು ಆಳಕ್ಕಿಳಿಸುವ ಕುಸುಬಿ ಇಲ್ಲಿ ಉಳಿದದ್ದು ಅದಕ್ಕೇ.

ಎಣ್ಣೆ ಎಷ್ಟು ಎಂಬುದರ ಜೊತೆಗೆ ಎಂಥದು ಎಂಬುದೂ ಬೀಜದಲ್ಲೇ ತೀರ್ಮಾನವಾಗುತ್ತದೆ. ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಭಾಗ ಲಿನೋಲಿಯಿಕ್ ಎಂಬ ಕೊಬ್ಬಿನಾಮ್ಲ. ಭಾರತದಿಂದ ಹೋದ ಕುಸುಬಿಯಲ್ಲಿ ಓಲಿಯಿಕ್ ಎಂಬ ಇನ್ನೊಂದು ಕೊಬ್ಬಿನಾಮ್ಲವೇ ಮೇಲುಗೈಯಾದ ಬೀಜ ಸಿಕ್ಕಿತು. ಅದರಿಂದ ಕ್ಯಾಲಿಫೋರ್ನಿಯದಲ್ಲಿ ಪಾಲ್ಡೆನ್ ನೋಲ್ಸ್ ಯುಸಿ-1 ತಳಿ ರೂಪಿಸಿದರು. ನಮ್ಮ ನೆಲದ ಬೀಜ ಅಲ್ಲಿ ಹೊಸ ಬೆಳೆಯಾಯಿತು. ಇಲ್ಲಿ ಜೋಳದ ಹೊಲದ ಕುಸುಬಿ ಸಾಲುಗಳು ಹಿಂದಿಗಿಂತ ಕಡಿಮೆಯಾಗಿವೆ.